ಮುಂಜಾನೆ ಏಳಕ್ಕೆ ತೊರಗಲ್ಲಿನಿಂದ ಬರುವ ಹೆಸರು

ಸವದತ್ತಿ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಬಾಳಕೃಷ್ಣರಾಯರ ಇಂಟರ್ನೆಟ್ ಕಂಪನಿ ಇದೆ. ಕಂಪನಿ ಎಂಬುದು ಬೋರ್ಡಿನ ಮೇಲಿನ ಮಾತು. ಒಳಗೆ ಇರುವುದು ಎರಡೇ ಕೋಣೆ. ಒಂದರಲ್ಲಿ ರಾಯರು ಕೂಡುತ್ತಾರೆ, ಇನ್ನೊಂದರಲ್ಲಿ ವರದಾ ತನ್ನ ಸರ್ವರಿನ ಜೊತೆ ಕೂಡುತ್ತಾಳೆ. ಇತ್ತ ಉಗರಗೋಳ, ಅತ್ತ ರಾಮದುರ್ಗ, ತೊರಗಲ್ ತನಕ ಯಾರ ಮನೆಯಲ್ಲಿ ನೆಟ್ ಹತ್ತಬೇಕಾದರೂ ಮೊದಲು ಈ ಸರ್ವರ್ ಒಪ್ಪಬೇಕು. ಮನೆಯ ಗೋಡೆಗೆ ತಗುಲಿಸಿದ ಡಬ್ಬಿ ತನ್ನ ಹೆಸರು, ಪಾಸ್‌ವರ್ಡ್ ಕಳಿಸಿ, ಒಳಗೆ ಬರಲೇ ಎಂದು ಕೇಳುತ್ತದೆ. ಸರ್ವರ್ ತನ್ನ ಪಟ್ಟಿ ನೋಡಿ ಹೌದು ಎನ್ನುತ್ತದೆ, ಅಥವಾ ಇಲ್ಲ ಎನ್ನುತ್ತದೆ. ಹೌದಾದರೆ ಡಬ್ಬಿಯ ದೀಪ ಹಸಿರು, ಇಲ್ಲವಾದರೆ ಕೆಂಪು. ಹದಿಮೂರು ವರ್ಷದಿಂದ ಈ ಹೌದು ಇಲ್ಲಗಳ ಕಾವಲು ವರದಾಳದು.

ವರದಾಳಿಗೆ ಈಗ ಮೂವತ್ತೊಂಬತ್ತು. ಮದುವೆಯಾಗಿಲ್ಲ. ತಂದೆ ಪೌರೋಹಿತ್ಯ ಮಾಡುತ್ತಿದ್ದವರು, ತೀರಿಕೊಂಡು ಬಹಳ ದಿನವಾಯಿತು. ತಾಯಿ ಲೀಲಾಬಾಯಿ ಮಡಿ, ಹೂಬತ್ತಿ, ಏಕಾದಶಿ ಎಂದು ತನ್ನ ಪಾಡಿಗೆ ತಾನಿದ್ದಾಳೆ. ಮಗಳು ಕಂಪ್ಯೂಟರಿನ ಕೆಲಸಕ್ಕೆ ಹೋಗುತ್ತಾಳೆ ಎಂಬುದು ಆಕೆಗೆ ಗೊತ್ತು. ಅಲ್ಲಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ, "ಏನೋ, ಎಲ್ಲಾರ ಹೆಸರು ನೋಡೂ ಕೆಲಸ ಅಂತ" ಎಂದು ಹೇಳಿ ಸುಮ್ಮನಾಗುತ್ತಾಳೆ. ಹಾಗೆ ನೋಡಿದರೆ ಲೀಲಾಬಾಯಿ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ವರದಾ ಹೆಸರುಗಳನ್ನೇ ನೋಡುತ್ತಿದ್ದಳು. ಅದರಲ್ಲೂ ಒಂದು ಹೆಸರನ್ನು ಸ್ವಲ್ಪ ಹೆಚ್ಚೇ ನೋಡುತ್ತಿದ್ದಳು.

ಆಫೀಸು ತೆರೆಯುವುದು ಒಂಬತ್ತಕ್ಕೆ. ವರದಾ ಬರುವುದು ಏಳಕ್ಕೆ ಹತ್ತು ನಿಮಿಷ ಇರುವಾಗ. ಮುಂಜಾನೆ ಗದ್ದಲ ಇರುವುದಿಲ್ಲ, ಸರ್ವರಿನ ಕೆಲಸ ಹಗುರಾಗುತ್ತದೆ ಎಂದು ರಾಯರಿಗೆ ಹೇಳಿದ್ದಳು. ರಾಯರು ನಂಬಿ, ಇಂಥ ಕೆಲಸದವರು ಸಿಗುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೊಗಳಿಯೂ ಇದ್ದರು. ಬೀಗ ತೆಗೆದು, ಕಂಪ್ಯೂಟರಿನ ಪರದೆ ಹಚ್ಚಿ, ಅವಳು ಸುಮ್ಮನೆ ಕೂಡುತ್ತಿದ್ದಳು. ಏಳರ ಆಚೆ ಈಚೆ, ಒಳಗೆ ಬಂದವರ ಲೆಕ್ಕ ಬರೆಯುವ ಲಾಗ್‌ನಲ್ಲಿ ಒಂದು ಸಾಲು ಬರುತ್ತಿತ್ತು. ಹೆಸರು ಯುವರಾಜ, ಊರು ತೊರಗಲ್, ಉತ್ತರ ಹೌದು. ಅದನ್ನು ಓದಿದ ಮೇಲೆ ಎದ್ದು ಕಿಟಕಿ ತೆಗೆಯುತ್ತಿದ್ದಳು, ಕಸ ಹೊಡೆಯುತ್ತಿದ್ದಳು, ದಿನ ಶುರುವಾಗುತ್ತಿತ್ತು. ಸಾಲು ಏಳೂವರೆಯಾದರೂ ಬರದ ದಿನ ಅವಳಿಗೆ ಯಾವ ಕೆಲಸವೂ ಕೈಗೆ ಹತ್ತುತ್ತಿರಲಿಲ್ಲ.

ಆ ಯುವರಾಜ ಯಾರೆಂದು ಹೇಳಿಬಿಡುತ್ತೇನೆ. ಮುಚ್ಚಿಡುವುದು ವರದಾಳ ಸ್ವಭಾವ, ನನ್ನದಲ್ಲ. ಅವನು ಕಂಪನಿಯ ಲೈನ್‌ಮನ್ ಆಗಿದ್ದ. ತೊರಗಲ್ಲಿನ ದಲಿತ ಕೇರಿಯವನು. ಅಜ್ಜನ ಕಾಲಕ್ಕೇ ಬುದ್ಧನನ್ನು ಹಿಡಿದ ಮನೆ. ಕಂಬ ಹತ್ತಿ ಕೇಬಲ್ ಎಳೆಯುವುದು, ತುಂಡಾದ ಗಾಜಿನ ಎಳೆ ಕೂಡಿಸುವುದು ಅವನ ಕೆಲಸ. ಆಗ ರಾಯರು ಒಂದು ಪದ್ಧತಿ ಮಾಡಿದ್ದರು. ಲೈನ್‌ಮನ್ ಯಾವ ಊರಲ್ಲಿ ಕೆಲಸ ಮುಗಿಸಿದರೂ ಫೋನ್ ಮಾಡಬೇಕಾಗಿಲ್ಲ, ತನ್ನ ಡಬ್ಬಿಯನ್ನು ಆ ಲೈನಿಗೆ ಹಚ್ಚಿ ತನ್ನ ಹೆಸರಿನಿಂದ ಒಳಗೆ ಬಂದರೆ ಸಾಕು. ಸವದತ್ತಿಯಲ್ಲಿ ವರದಾ ಅದನ್ನು ನೋಡಿ, ಲೈನ್ ಸರಿಯಾಯಿತು ಎಂದು ಬರೆದುಕೊಳ್ಳುತ್ತಾಳೆ. ಇದಕ್ಕೆ ಹಾಜರಿ ಎಂದು ಹೆಸರು. ಹೀಗೆ ಏಳು ವರ್ಷ ಯುವರಾಜ ಊರೂರಿನಿಂದ ಅವಳಿಗೆ ಹಾಜರಿ ಹಾಕಿದ. ಮಧ್ಯಾಹ್ನ ಎರಡಕ್ಕೆ ಉಗರಗೋಳದಿಂದ ಅವನ ಹೆಸರು ಬಂದರೆ, ಅವನಿನ್ನೂ ಊಟ ಮಾಡಿಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು. ಸಂಜೆ ರಾಮದುರ್ಗದಿಂದ ಬಂದರೆ, ಇವತ್ತು ಆಫೀಸಿಗೆ ಬರುವುದಿಲ್ಲ ಎಂದು ತಿಳಿಯುತ್ತಿತ್ತು. ಮನುಷ್ಯರು ಇಷ್ಟರಲ್ಲೂ ಪ್ರೀತಿ ಮಾಡುತ್ತಾರೆಯೇ ಎಂದರೆ, ಮಾಡುತ್ತಾರೆ. ಇವರಿಬ್ಬರು ಮಾಡಿದರು.

ಅವನು ಬಾಯಿಬಿಟ್ಟು ಕೇಳಿಯೂ ಕೇಳಿದ. ಆಫೀಸಿನ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತಿದ್ದಾಗ, ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡೇ ಕೇಳಿದ.

"ಮೇಡಮ್ರ, ನಾ ನಿಮ್ಮ ಮನಿಗೆ ಬಂದು ಅವ್ವಾರ ಮುಂದ ಮಾತಾಡ್ಲೇನ್ರಿ?"

ವರದಾಳಿಗೆ ಯಾವ ಮಾತೆಂದು ಕೇಳುವ ಅಗತ್ಯ ಇರಲಿಲ್ಲ. "ನನಗ ಸ್ವಲ್ಪ ದಿನ ಕೊಡ್ರಿ" ಎಂದಳು.

ಅವನು ಕೊಟ್ಟ. ಸ್ವಲ್ಪ ದಿನ ಹೋಗಿ ಒಂದು ವರ್ಷವಾಯಿತು. ದಿನಾಲೂ ಅವಳು ಇವತ್ತು ಅವ್ವನಿಗೆ ಹೇಳುತ್ತೇನೆ ಎಂದು ಮನೆಗೆ ಹೋಗುವುದು, ಲೀಲಾಬಾಯಿ ಹತ್ತಿ ಬಿಡಿಸುತ್ತ ಕೂತಿರುವುದು, ಇವಳು ಚಪ್ಪಲಿ ಬಿಟ್ಟು, ಕಾಲು ತೊಳೆದು, ಏನೂ ಹೇಳದೆ ಉಂಡು ಏಳುವುದು. ಲೀಲಾಬಾಯಿ ಹುಲಿಯೇನಲ್ಲ. ಬೇಡ ಎನ್ನುತ್ತಿದ್ದಳೋ, ಅತ್ತು ಕರೆದು ಕೊನೆಗೆ ಹೂಂ ಎನ್ನುತ್ತಿದ್ದಳೋ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಆಕೆಯನ್ನು ಯಾರೂ ಕೇಳಲೇ ಇಲ್ಲ. ಯುವರಾಜ ಎರಡನೇ ಸಲ ಕೇಳುವ ಜಾತಿಯ ಮನುಷ್ಯನಲ್ಲ. ಇಪ್ಪತ್ತೊಂದನೇ ಇಸವಿಯ ಮಳೆಗಾಲದಲ್ಲಿ ರಾಯರ ಟೇಬಲ್ಲಿನ ಮೇಲೆ ರಾಜೀನಾಮೆ ಇಟ್ಟು, ರತ್ನಾಗಿರಿಯಲ್ಲಿ ಕಂತ್ರಾಟುದಾರನೊಬ್ಬನ ಹತ್ತಿರ ಕೇಬಲ್ ಕೆಲಸಕ್ಕೆ ಹೋಗುತ್ತೇನೆ ಎಂದು ಹೇಳಿ ಹೊರಟ. ವರದಾಳ ಕೋಣೆಯ ಬಾಗಿಲಲ್ಲಿ ನಿಂತು, "ಬರತೇನ್ರಿ" ಎಂದ. ಅವಳು ಪರದೆಯಿಂದ ಕಣ್ಣು ತೆಗೆಯದೆ ತಲೆ ಆಡಿಸಿದಳು. ಕಣ್ಣು ತೆಗೆದಿದ್ದರೆ ನೀರು ಕಾಣುತ್ತಿತ್ತು.

ಅವನು ಹೋದ ಎಂಟು ದಿನಕ್ಕೆ ಮುಂಜಾನೆ ಏಳಕ್ಕೆ ತೊರಗಲ್ಲಿನಿಂದ ಅವನ ಹೆಸರು ಬಂತು. ವರದಾ ಎದ್ದು ನಿಂತಳು. ಹಾಗಾದರೆ ಹೋಗಿಲ್ಲ. ಹೋದವನು ತಿರುಗಿ ಬಂದಿದ್ದಾನೆ. ಮರುದಿನವೂ ಬಂತು, ಅದರ ಮರುದಿನವೂ ಬಂತು. ಯಾರನ್ನಾದರೂ ಕೇಳಬಹುದಿತ್ತು. ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ ಎಂಬ ಭಯ. ಕೆಲಸ ಬಿಟ್ಟವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು ಎಂಬ ನಿಯಮವನ್ನು ಅವಳೇ ಬರೆದು ಗೋಡೆಗೆ ಅಂಟಿಸಿದ್ದಳು. ಯುವರಾಜನ ಹೆಸರನ್ನು ಮಾತ್ರ ತೆಗೆಯಲಿಲ್ಲ.

ಇನ್ನು ತೊಂದರೆಯ ವಿಷಯ. ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಎಂಬುದನ್ನು ಸರ್ವರ್ ಸಾಲು ಸಾಲಾಗಿ ಬರೆದಿಡುತ್ತದೆ. ಆರು ತಿಂಗಳಿಗೊಮ್ಮೆ ಹಳೆಯ ಸಾಲುಗಳನ್ನು ತೆಗೆದುಹಾಕುವ ಏರ್ಪಾಟು ಇತ್ತು. ಯುವರಾಜ ಹೋದ ಮೇಲೆ ವರದಾ ಆ ಏರ್ಪಾಟನ್ನು ನಿಲ್ಲಿಸಿದಳು. ಅವನ ಸಾಲುಗಳು ಹೋಗಬಾರದು, ಅಷ್ಟೇ. ಅವನದಷ್ಟನ್ನು ಬಿಟ್ಟು ಉಳಿದದ್ದನ್ನು ತೆಗೆಯಬಹುದಿತ್ತಲ್ಲ ಎಂದು ಬಲ್ಲವರು ಕೇಳಬಹುದು. ಬಹುದಿತ್ತು. ಆದರೆ ಏನು ತೆಗೆದೆ, ಏನು ಉಳಿಸಿದೆ ಎಂಬ ವರದಿ ತಾನಾಗಿ ರಾಯರ ಮೇಲ್‌ಗೆ ಹೋಗುತ್ತಿತ್ತು. "ಯುವರಾಜ ಒಬ್ಬನನ್ನು ಬಿಟ್ಟು" ಎಂದು ಅದರಲ್ಲಿ ಬರೆದು ಬರುವುದನ್ನು ನೆನೆಸಿಕೊಂಡೇ ಅವಳ ಕಿವಿ ಕೆಂಪಾದವು. ಹಾಗಾಗಿ ಯಾರದನ್ನೂ ತೆಗೆಯಲಿಲ್ಲ. ಒಬ್ಬ ಹೆಂಗಸಿನ ನಾಚಿಕೆಗೆ ಐದು ವರ್ಷದಲ್ಲಿ ಎಷ್ಟು ಕೋಟಿ ಸಾಲು ಕೂಡಿಬಿದ್ದವು ಎಂದು ಹೇಳಿದರೆ ನೀವು ನಗುತ್ತೀರಿ.

ಸರ್ವರಿಗೆ ನಗು ಬರಲಿಲ್ಲ. ಯಾರಾದರೂ ಒಳಗೆ ಬರಲೇ ಎಂದು ಕೇಳಿದಾಗ, ಇದೇ ಹೆಸರಿನವರು ಈಗಾಗಲೇ ಒಳಗಿದ್ದಾರೋ ಏನೋ ಎಂದು ಅದು ಈ ರಾಶಿಯನ್ನೆಲ್ಲ ಹುಡುಕಬೇಕು. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿದ್ದದ್ದು ನಾಲ್ಕು, ಐದು, ಆರು ಸೆಕೆಂಡ್ ಹಿಡಿಯತೊಡಗಿತು. ಮನೆಗಳ ಡಬ್ಬಿಗಳ ಕೇಳಿಕೆಯನ್ನು ಸರ್ವರಿಗೆ ಮುಟ್ಟಿಸುವ ಉಗರಗೋಳದ ಕಡೆಯ ಯಂತ್ರ ಮೂರು ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಅದೇ ರಿಕ್ವೆಸ್ಟನ್ನು ಮತ್ತೆ ಕಳಿಸುತ್ತದೆ. ಸರ್ವರ್ ಮೊದಲನೆಯದನ್ನೇ ಮುಗಿಸಿರುವುದಿಲ್ಲ, ಎರಡನೆಯದನ್ನು ಎತ್ತಿ ಎಸೆಯುತ್ತದೆ. ಸಾಲದ್ದಕ್ಕೆ ಆ ಯಂತ್ರ ಪ್ರತಿ ರಿಕ್ವೆಸ್ಟಿಗೂ ಒಂದು ನಂಬರ್ ಹಚ್ಚುತ್ತದೆ, ನಂಬರು ಇರುವುದೇ ಇನ್ನೂರೈವತ್ತಾರು. ದೇವಿಯ ಗುಡ್ಡದ ಕೆಳಗೆ ಚಪ್ಪಲಿ ಕಾಯುವವನ ಬಿಲ್ಲೆಗಳಂತೆ. ದರ್ಶನ ಬೇಗ ಆದರೆ ಬಿಲ್ಲೆ ತಿರುಗಿ ಬರುತ್ತವೆ. ಪಾಳಿ ನಿಂತುಬಿಟ್ಟರೆ, ಮೊದಲಿನವನ ಚಪ್ಪಲಿ ಇನ್ನೂ ಅಲ್ಲೇ ಇರುವಾಗ ಅದೇ ನಂಬರು ಇನ್ನೊಬ್ಬನ ಕೈಗೆ ಹೋಗುತ್ತದೆ. ಆಗ ಇಬ್ಬರಿಗೂ ಜಗಳ, ಸರ್ವರ್ ಇಬ್ಬರಲ್ಲಿ ಒಬ್ಬರನ್ನು ಕೈಬಿಡುತ್ತದೆ. ಹುಣ್ಣಿಮೆ ಬಂದು ಗುಡ್ಡಕ್ಕೆ ಜನ ಸೇರಿದಾಗಲೆಲ್ಲ ವರದಾಳ ಲಾಗ್ ತುಂಬ ಇದೇ ಜಗಳ.

"ಮೇಡಮ್ರ, ಮತ್ತ ಹೋತ್ರಿ" ಎಂದು ಉಗರಗೋಳದ ನಿಜಗುಣಪ್ಪ ಫೋನ್ ಮಾಡುತ್ತಿದ್ದ. ಅವನದು ಯಾತ್ರಿಕರಿಗೆ ಬಸ್ ಟಿಕೆಟ್ ತೆಗೆದುಕೊಡುವ ಅಂಗಡಿ. "ಮಂದಿ ಪಾಳಿ ಹಚ್ಚಿ ನಿಂತೈತಿ. ಡಬ್ಬಿ ಬಂದ್ ಮಾಡಿ ಹಚ್ಚೇನಿ, ಹಚ್ಚಿ ಬಂದ್ ಮಾಡೇನಿ. ಹೌದಂತೂ ಅನ್ನವಲ್ದು, ಇಲ್ಲಂತೂ ಅನ್ನವಲ್ದು. ಇಲ್ಲ ಅಂದ್ರ ನಾ ಬ್ಯಾರೆ ಏನರ ನೋಡತಿದ್ನೆಲ್ರಿ. ಸುಮ್ಮ ಹಿಂಗ ನಿಂದ್ರಿಸಿದ್ರ ಮನಷ್ಯಾ ಏನ ಮಾಡಬೇಕು?"

ಈ ಮಾತು ಕೇಳಿದ ದಿನ ವರದಾ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಲಿಲ್ಲ.

ಕಾರಣ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಉಳಿದದ್ದನ್ನೆಲ್ಲ ಮಾಡಿದಳು. ರಾಶಿಗೆ ಪುಸ್ತಕದ ಕೊನೆಯಲ್ಲಿರುವಂಥ ಸೂಚಿ ಕಟ್ಟಿದಳು, ಎರಡು ವರ್ಷ ನಡೆಯಿತು. ಯಂತ್ರಗಳು ಮೂರರ ಬದಲು ಹತ್ತು ಸೆಕೆಂಡ್ ಕಾಯುವಂತೆ ಮಾಡಿದಳು, ಎರಡು ಹುಣ್ಣಿಮೆ ನಡೆಯಿತು. ಮೆಮರಿ ಹಾಕಿಸಿದಳು. ಈ ಸಲ ಗುಡ್ಡದ ದೊಡ್ಡ ಜಾತ್ರೆಯ ಭರತ ಹುಣ್ಣಿಮೆ ನಾಲ್ಕು ದಿನ ಇರುವಾಗ ಯಾವುದೂ ನಡೆಯಲಿಲ್ಲ. ರಾಯರು ಬೈಲಹೊಂಗಲದ ಕಡೆಯ ಕೆಲಸ ನೋಡಿಕೊಳ್ಳುವ ತಮ್ಮ ಅಕ್ಕನ ಮಗ ಭಾರ್ಗವನನ್ನು ಕರೆಸಿದರು. ಎರಡು ಮಕ್ಕಳ ತಂದೆ, ಮಾತು ಕಡಿಮೆ, ಕೆಲಸದಲ್ಲಿ ಗಟ್ಟಿ. ವರದಾಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವನು ಅರ್ಧ ಗಂಟೆಯಲ್ಲಿ ರಾಶಿಯ ಹತ್ತಿರ ಬಂದ.

"ವರದಕ್ಕಾ, ಹಳೇದು ತಗಿಯೂ ಕೆಲಸ ಇಪ್ಪತ್ತೊಂದರಿಂದ ಬಂದ್ ಅದಲ್ಲ. ಯಾರು ಬಂದ್ ಮಾಡ್ಯಾರ?"

"ನಾನ" ಎಂದಳು ವರದಾ.

ಭಾರ್ಗವ ಕುರ್ಚಿ ಮುಂದೆ ಎಳೆದುಕೊಂಡ. ಇನ್ನಷ್ಟು ನೋಡಿದ. "ಈ ಯುವರಾಜ ಅನ್ನೋ ಹೆಸರು ನೋಡು. ಕೆಲಸ ಬಿಟ್ಟವರದ ಹೌದಲ್ಲೋ? ಸಾವಿರದ ಆರನೂರು ಸಲ ಒಳಗ ಬಂದದ್ದು ಅದ, ಹೊರಗ ಹೋದದ್ದು ಒಮ್ಮೆನೂ ಇಲ್ಲ. ಒಂದ ಹೆಸರು ಎರಡು ಸಲ ಒಳಗ ಇರಬಾರದು ಅಂತ ನಮ್ಮ ರೂಲ್ ಅದ. ಇವಂಗ ಮಾತ್ರ ಮಾಫಿ ಕೊಟ್ಟಾರ."

ಪ್ಲಗ್ಗು ಕಿತ್ತು ಡಬ್ಬಿಯನ್ನು ಆರಿಸಿದರೆ ಹೀಗಾಗುತ್ತದೆ. ಹೋಗುತ್ತೇನೆ ಎಂದು ಹೇಳಿ ಹೋಗಲು ಡಬ್ಬಿಗೆ ಸಮಯ ಸಿಗುವುದಿಲ್ಲ. ಸರ್ವರಿನ ಪಾಲಿಗೆ ಯುವರಾಜ ತೊರಗಲ್ಲಿನಿಂದ ದಿನಾ ಬಂದಿದ್ದಾನೆ, ಎಂದೂ ಹೋಗಿಲ್ಲ. ವರದಾಳಿಗೆ ಇದು ಮೊದಲಿನಿಂದ ಗೊತ್ತು. ಗೊತ್ತಿದ್ದೇ ಹಾಗೆ ಬಿಟ್ಟಿದ್ದಳು.

"ಹಳೇದೆಲ್ಲಾ ಇವತ್ತ ತಗದುಬಿಡತೇನಿ. ಈ ಹೆಸರೂ ಬಂದ್ ಮಾಡತೇನಿ" ಎಂದ ಭಾರ್ಗವ.

"ನಾಳೆ ಮಧ್ಯಾಹ್ನದ ತನಕ ಮುಟ್ಟಬ್ಯಾಡೋ. ನಾ ತೊರಗಲ್ಲಿಗೆ ಹೋಗಿ ನೋಡಿ ಬರತೇನಿ."

ಭಾರ್ಗವ ಅವಳ ಮುಖ ನೋಡಿದ. ಏನು ಕಂಡಿತೋ, ತಲೆ ಆಡಿಸಿ ಹೊರಗೆ ಚಹಾಕ್ಕೆ ಹೋದ.

ಮರುದಿನ ವರದಾ ಹದಿಮೂರು ವರ್ಷದಲ್ಲಿ ಮೊದಲ ಸಲ ಮುಂಜಾನೆ ಆಫೀಸಿಗೆ ಹೋಗದೆ ರಾಮದುರ್ಗದ ಬಸ್ಸು ಹತ್ತಿದಳು. ಕಿಟಕಿಯ ಆಚೆ ಜೋಳ ತೆನೆ ಹಿಡಿದು ನಿಂತಿತ್ತು, ಕಡಲೆ ಕೀಳುತ್ತಿದ್ದರು. ಅವಳಿಗೆ ಯಾವುದೂ ಕಣ್ಣಿಗೆ ಬೀಳಲಿಲ್ಲ. ಅವನನ್ನು ಕಂಡರೆ ಮೊದಲು ಏನು ಹೇಳುವುದು ಎಂದು ಹುಡುಕುತ್ತಿದ್ದಳು. ನಿಮ್ಮ ಹೆಸರು ಬಂದ್ ಮಾಡಲಿಕ್ಕೆ ಬಂದೇನಿ ಎನ್ನಬೇಕೆ? ಅದು ಸುಳ್ಳು. ಬಂದ್ ಮಾಡಲು ಇಪ್ಪತ್ತೈದು ಮೈಲು ಬಸ್ಸಿನಲ್ಲಿ ಕೂಡಬೇಕಾಗಿಲ್ಲ, ಒಂದು ಬೆರಳು ಸಾಕು. ದಿನಾ ಏಳಕ್ಕೆ ನಿಮ್ಮ ಹಾದಿ ನೋಡುತ್ತೇನೆ ಎನ್ನಬೇಕೆ? ಅದು ನಿಜ, ಅದಕ್ಕೇ ಹೆದರಿಕೆ. ಅವನಿಗೆ ಮದುವೆಯಾಗಿದ್ದರೆ ಎಂಬುದೂ ಮನಸ್ಸಿಗೆ ಬಂತು. ಐದು ವರ್ಷದಲ್ಲಿ ಅದು ಬಾರದೆ ಇದ್ದಿಲ್ಲ, ಆದರೆ ಆಫೀಸಿನ ಕುರ್ಚಿಯಲ್ಲಿ ಕೂತಾಗ ಅದನ್ನು ಅತ್ತ ತಳ್ಳಬಹುದಿತ್ತು. ಬಸ್ಸಿನಲ್ಲಿ ತಳ್ಳಲು ಜಾಗ ಇರಲಿಲ್ಲ.

ಕ್ರಾಸಿನಲ್ಲಿ ಇಳಿದು, ಟಂಟಂ ರಿಕ್ಷಾ ಹಿಡಿದು, ಕೋಟೆಯ ಗೋಡೆಯ ಬದಿಗೆ ಕೇಳುತ್ತ ಕೇಳುತ್ತ ಮನೆ ಮುಟ್ಟಿದಳು. ಅಂಗಳದಲ್ಲಿ ಒಬ್ಬ ಮುದುಕಿ ಒಣಗಿದ ಕಡಲೆ ಗಿಡ ಬಡಿಯುತ್ತಿದ್ದಳು. ಒಳಗೆ ಹೊಲಿಗೆ ಮಷಿನ್ ಓಡುವ ಸಪ್ಪಳ.

"ಯುವರಾಜ ಅವರ ಮನಿ ಇದೇನ್ರಿ? ನಾ ಸವದತ್ತಿ ನೆಟ್ ಆಫೀಸಿನಿಂದ ಬಂದೇನಿ."

ಮುದುಕಿ ಬಡಿಗೆ ಕೆಳಗಿಟ್ಟಳು. ಯುವರಾಜನ ತಾಯಿ ಕಾಡವ್ವ. "ಡಬ್ಬಿ ಒಯ್ಯಾಕ ಬಂದೀರೇನ್ರಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಗಾಬರಿ ಇತ್ತು.

"ಇಲ್ರಿ. ನೋಡಲಿಕ್ಕೆ ಬಂದೇನಿ. ಅವರು ಮನ್ಯಾಗ ಇದ್ದಾರೇನ್ರಿ?"

"ಯಾರು, ಯುವರಾಜನ? ಅಂವ ಇಲ್ಲೆಲ್ಲಿ ತಂಗಿ. ರತ್ನಾಗಿರ್ಯಾಗ ಅದಾನ. ಐದು ವರ್ಸ ಆತು. ವರ್ಸಕ್ಕೊಮ್ಮೆ ಬರತಾನ, ನಾಕ ದಿನ ಇದ್ದು ಹೊಕ್ಕಾನ."

ವರದಾ ಕಟ್ಟೆಯ ಮೇಲೆ ಕೂತಳು. ಕೂಡ್ರಿ ಎಂದು ಯಾರೂ ಹೇಳಿರಲಿಲ್ಲ. "ಮತ್ತ ಮುಂಜಾನೆ ಏಳಕ್ಕ..." ಎಂದಳು.

"ಅದು ನಾ ಹಚ್ಚತೇನಿ" ಎಂದಳು ಕಾಡವ್ವ. "ದಿನಾ ಮಕಾ ತೊಳಕೊಂಡು ಮೊದಲ ಅದನ್ನ ಹಚ್ಚತೇನಿ. ಹಸರ ದೀಪ ಬರತೈತಿ. ಬಂದ ಮ್ಯಾಲೆ ಕಿತ್ತ ಇಡತೇನಿ. ಸುಮ್ಮ ಯಾಕ ಕರೆಂಟ್ ಸುಡಬೇಕು."

ಐದು ವರ್ಷ. ಐದು ವರ್ಷ ವರದಾ ಓದಿದ ಆ ಸಾಲಿನ ಆಚೆ ತುದಿಯಲ್ಲಿ ಇದ್ದದ್ದು ಈ ಮುದುಕಿಯ ಕೈ. ಇವತ್ತು ತಡವಾಯಿತಲ್ಲ, ಜ್ವರ ಬಂದಿರಬಹುದೇ ಎಂದು ಅವಳು ಚಿಂತೆ ಮಾಡಿದ ಮುಂಜಾನೆಗಳೆಲ್ಲ ಅವನಿಗೆ ಗೊತ್ತೇ ಇರಲಿಲ್ಲ. ಅವನು ಸಮುದ್ರದ ದಂಡೆಯ ಯಾವುದೋ ಊರಲ್ಲಿ ಯಾವುದೋ ಕಂಬದ ಮೇಲಿದ್ದ. ವರದಾಳಿಗೆ ಅಳು ಬರಲಿಲ್ಲ. ಇಷ್ಟು ದೊಡ್ಡ ಹುಚ್ಚಿ ಈ ಸೀಮೆಯಲ್ಲಿ ಇನ್ನೊಬ್ಬಳಿಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಕಾಡವ್ವ ಅವಳನ್ನು ಒಳಗೆ ಕರೆದುಕೊಂಡು ಹೋದಳು. ಬುದ್ಧನ ಪಟದ ಕೆಳಗಿನ ಗೂಡಿನಲ್ಲಿ ಡಬ್ಬಿ ಇತ್ತು, ಮೇಲೆ ಧೂಳು ಕೂಡದಂತೆ ಒಂದು ಕರವಸ್ತ್ರ ಹೊದಿಸಿತ್ತು. ಹೊಲಿಗೆ ಮಷಿನ್ನಿನಿಂದ ಕಾಡವ್ವನ ಮಗಳು ಯಶೋಧಾ ಎದ್ದು ಚಹಾಕ್ಕೆ ಇಟ್ಟಳು. ವರದಾ ಒಲೆಯ ಎದುರಿನ ಚಾಪೆಯ ಮೇಲೆ ಕೂತು ಡಬ್ಬಿಯನ್ನೇ ನೋಡಿದಳು.

"ಹಚ್ಚಂತ ಯಾರು ಹೇಳಿದ್ರಿ?"

"ಮತ್ಯಾರು, ಅಂವನ. ಹೋಗೂ ಮುಂದ ಹೇಳಿ ಹ್ವಾದ. ನಮ್ಮ ಮನ್ಯಾಗ ನೆಟ್ ಯಾರಿಗಪಾ ಬೇಕು, ಯಾಕ ಹಚ್ಚಬೇಕು ಅಂದೆ. ಯವ್ವಾ ಬೇ, ಸವದತ್ತ್ಯಾಗ ಒಬ್ಬರಿಗೆ ನಾ ಒಂದ ಮಾತ ಕೇಳೇನಿ, ಅವರು ಇನ್ನೂ ಏನೂ ಹೇಳಿಲ್ಲ ಅಂದ. ನಾ ಕೆಲಸ ಬಿಟ್ಟ ಮ್ಯಾಲೆ ನನ್ನ ಹೆಸರು ತಗಿಯೂದು ಅವರ ಕೆಲಸ. ತಗದ್ರ ಕೆಂಪ ದೀಪ ಬರತೈತಿ. ಅವತ್ತ ನನಗ ಫೋನ್ ಮಾಡು, ಆ ಮ್ಯಾಲೆ ಹಚ್ಚಬ್ಯಾಡ ಅಂದ." ಕಾಡವ್ವ ಕರವಸ್ತ್ರ ಸರಿಮಾಡಿದಳು. "ಪ್ರತಿ ಐತವಾರ ಫೋನ್ ಮಾಡತಾನ. ಮೊದಲ ಕೇಳೂದ, ಹಸರ ಬಂತೇನ ಬೇ ಅಂತ. ತಾಯಿ ಆರಾಮ ಅದಾಳೇನು ಅನ್ನೂದು ಆ ಮ್ಯಾಲೆ. ಮೂರ ಕಡೆ ಹೆಣ್ಣ ನೋಡಿದ್ವಿ. ಇನ್ನೂ ಕೆಂಪ ಬಂದಿಲ್ಲಲ್ಲ ಬೇ, ಅಂದ. ಡಬ್ಬಿಗೂ ಹೆಣ್ಣಿಗೂ ಏನಲೇ ಸಂಬಂಧ ಅಂತ ನಾ ಬಾಯಿಗೆ ಬಂದಂಗ ಬೈದೇನಿ."

ಯಶೋಧಾ ಚಹಾದ ಕಪ್ಪು ತಂದು ವರದಾಳ ಮುಂದೆ ಹಿಡಿದವಳು ಹಾಗೇ ನಿಂತಳು. ಇಬ್ಬರೂ ಅವಳ ಮುಖ ನೋಡುತ್ತಿದ್ದರು.

"ಆ ಒಬ್ಬರು ನೀವೇನ್ರಿ?" ಎಂದಳು ಕಾಡವ್ವ.

"ಹೂಂ" ಎಂದಳು ವರದಾ. "ನಾನ."

ಕಾಡವ್ವ ಬೈಯಲಿಲ್ಲ, ಅಳಲಿಲ್ಲ. ಯಶೋಧಾಳ ಕೈಯಿಂದ ಕಪ್ಪು ತೆಗೆದುಕೊಂಡು ವರದಾಳಿಗೆ ಕೊಟ್ಟು, "ಚಹಾ ಆರತೈತಿ, ಕುಡೀರಿ" ಎಂದಳು.

ವರದಾ ಕುಡಿದಳು. ಬಿಸಿ ಚಹಾ ಗಂಟಲಲ್ಲಿ ಇಳಿಯುವಾಗ ಅವಳಿಗೆ ಎಲ್ಲವೂ ಒಂದೊಂದಾಗಿ ತಿಳಿಯಿತು. ಅವನು ಕಾದಿದ್ದಾನೆ. ಅವಳು ಹೆಸರು ತೆಗೆಯದೆ ಇದ್ದದ್ದನ್ನು ಆಸೆ ಎಂದು ತಿಳಿದು ಕಾದಿದ್ದಾನೆ. ಅವಳು ಹೆಸರು ಬರುವುದನ್ನು ಅವನೇ ಎಂದು ತಿಳಿದು ಕಾದಿದ್ದಾಳೆ. ಅವಳಿಗೆ ಅವ್ವನ ಹೆದರಿಕೆ, ಅವನಿಗೆ ಎರಡನೇ ಸಲ ಕೇಳುವ ಸಂಕೋಚ. ನಡುವೆ ಒಂದು ಮುದುಕಿಯನ್ನು, ಒಂದು ಡಬ್ಬಿಯನ್ನು, ಸವದತ್ತಿಯ ಒಂದು ಸರ್ವರನ್ನು ಇಟ್ಟುಕೊಂಡು ಇಬ್ಬರೂ ಐದು ವರ್ಷ ಕಳೆದರು. ಗುಡ್ಡಕ್ಕೆ ಬಂದ ಮಂದಿ ಇವರಿಬ್ಬರ ದೆಸೆಯಿಂದ ನೆಟ್ ಇಲ್ಲದೆ ಒದ್ದಾಡಿದರು. ಇದನ್ನು ಕೇಳಿ ಸಿಟ್ಟು ಬರುವವರಿಗೆ ಬರಲಿ, ನನಗೂ ಬಂದಿದೆ. ಆದರೆ ಆ ಹೊತ್ತಿಗೆ ಅವಳ ಮುಖ ನೋಡಿದವರು ಯಾರೂ ಸಿಟ್ಟು ಮಾಡುತ್ತಿರಲಿಲ್ಲ.

ಕಪ್ಪು ಕೆಳಗಿಟ್ಟು ಅವಳು ಭಾರ್ಗವನಿಗೆ ಫೋನ್ ಮಾಡಿದಳು.

"ಹಳೇದು ಎಲ್ಲಾ ತಗದುಬಿಡೋ."

"ಆ ಹೆಸರು?"

"ಅದೂ. ಮೊದಲ ಅದನ್ನ ತಗಿ."

"ಖರೇನ ತಗೀಲೇನು, ವರದಕ್ಕಾ? ತಗದ ಮ್ಯಾಲೆ ತಿರುಗಿ ಬರೂದಿಲ್ಲ."

"ತಗಿ" ಎಂದಳು.

ನಾಳೆ ಮುಂಜಾನೆ ಏಳಕ್ಕೆ ಈ ಗೂಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಇನ್ನು ಸುಮ್ಮನಿರಲು ಅವಳಿಗೆ ದಾರಿ ಇರಲಿಲ್ಲ. ಬಾಯಿ ಬಿಡದೆ ಕೂತರೆ ಸರ್ವರ್ ಅವಳ ಪರವಾಗಿ ಇಲ್ಲ ಎಂದು ಹೇಳಿಬಿಡುತ್ತದೆ. ಒಂದು ಗಂಟೆಯಾದ ಮೇಲೆ ಭಾರ್ಗವ ತಿರುಗಿ ಫೋನ್ ಮಾಡಿ, ಉಗರಗೋಳದವು ಎಲ್ಲ ಒಂದೇ ಸಲಕ್ಕೆ ಹತ್ತುತ್ತಿವೆ, ಒಂದೂ ಬಿದ್ದಿಲ್ಲ ಎಂದ. ಅವಳು ಹೂಂ ಎಂದಳು. ಅಷ್ಟು ಹೊತ್ತೂ ಅವಳು ಆ ಚಾಪೆಯಿಂದ ಎದ್ದಿರಲಿಲ್ಲ.

"ಅವರಿಗೆ ಫೋನ್ ಹಚ್ಚಿ ಕೊಡ್ತೀರೇನ್ರಿ?" ಎಂದು ಯಶೋಧಾಳನ್ನು ಕೇಳಿದಳು.

ಯಶೋಧಾ ಹಚ್ಚಿ ಕೊಟ್ಟಳು. ಆಚೆ ಯಾವುದೋ ಯಂತ್ರ ಕಲ್ಲು ಕೊರೆಯುವ ಗದ್ದಲ.

"ಹಾಂ ಯಶೋಧಾ, ಹೇಳು. ಇವತ್ತ ಐತವಾರ ಅಲ್ಲಲ್ಲ. ಅವ್ವ ಆರಾಮ ಅದಾಳಿಲ್ಲೋ? ದೀಪ ಏನರ..."

"ನಾ ವರದಾ" ಎಂದಳು.

ಕಲ್ಲು ಕೊರೆಯುವ ಸಪ್ಪಳ ದೂರ ದೂರ ಹೋಯಿತು. ಅವನು ಅದರಿಂದ ಸರಿದು ನಡೆಯುತ್ತಿದ್ದನೆಂದು ಕಾಣುತ್ತದೆ.

"ನಿಮ್ಮ ಹೆಸರು ಇವತ್ತ ತಗಿಸೇನಿ" ಎಂದಳು. "ಕೆಂಪ ದೀಪ ಬರತದ. ಅದನ್ನ ನನ್ನ ಉತ್ತರ ಅಂತ ತಿಳಕೋಬ್ಯಾಡ್ರಿ. ನಾ ಐದು ವರ್ಷ ದಿನಾ ಏಳಕ್ಕ ನಿಮ್ಮ ಹಾದಿ ನೋಡೇನಿ. ನೀವ ಇಲ್ಲೇ ಇದ್ದೀರಿ ಅಂತ ತಿಳಕೊಂಡಿದ್ದೆ. ನಮ್ಮ ಅವ್ವಗ ಇನ್ನೂ ಹೇಳಿಲ್ಲ. ಇವತ್ತ ಹೋಗಿ ಹೇಳತೇನಿ. ಆಕಿ ಏನರ ಅನ್ನಲಿ, ನೀವು ಬರ್ರಿ. ಆಕಿ ಮುಂದ ಕೂತು ಮಾತಾಡ್ರಿ, ನಾ ನಿಮ್ಮ ಬಾಜೂಕ್ಕ ಇರತೇನಿ."

"ನಮ್ಮ ಅವ್ವಗ ಫೋನ್ ಕೊಡ್ರಿ" ಎಂದು ಸಣ್ಣ ದನಿಯಲ್ಲಿ ಹೇಳಿದ.

ಕಾಡವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಹೂಂ. ಅವರ. ಖರೇನ ಅವರ. ಇಲ್ಲೇ ನಮ್ಮ ಒಲಿ ಮುಂದ ಕುಂತಾರ." ಅವನು ಏನೋ ಕೇಳಿದ. ಕಾಡವ್ವ ವರದಾಳ ಕಡೆ ತಿರುಗಿ ಒಂದು ಗಳಿಗೆ ನೋಡಿದಳು.

"ಹೂಂ, ಅಳಾಕ ಹತ್ತಾರ" ಎಂದಳು. "ನೀನೂ ಅಳಾಕ ಹತ್ತೀಯಲ್ಲೋ. ಕಣ್ಣ ಒರಸಿಕೊಂಡು ಬಸ್ ಹತ್ತು."